ಹಲ್ಲಿನದಲ್ಲದ ನೋವು, ಬಾಲ್ಟಿಮೋರಿನ ಡಾಕ್ಟರ್ ಡ್ಯಾಂಡಿ

ಪುಣೆಗೆ ಬಂದು 19 ವರ್ಷವಾಯಿತು. ಹಡಪ್ಸರದಲ್ಲಿ ನನ್ನದೊಂದು ಸಣ್ಣ ಹಲ್ಲಿನ ದವಾಖಾನೆ ಇದೆ. ಬೋರ್ಡಿನಲ್ಲಿ ಮರಾಠಿಯ ಕೆಳಗೆ ಒಂದು ಸಾಲು ಕನ್ನಡವನ್ನೂ ಬರೆಸಿದ್ದೇನೆ. ಆ ಒಂದು ಸಾಲನ್ನು ನೋಡಿ ಒಳಗೆ ಬಂದವರು ಇಂಡಿ ಕಡೆಯ ಒಬ್ಬ ಆಯಿ. ಮಗ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಆಯಿ ಸೆರಗಿನಿಂದ ಬಲಗೆನ್ನೆ ಮುಚ್ಚಿಕೊಂಡೇ ಕುರ್ಚಿಯ ಮೇಲೆ ಕೂತರು. ಬಲಗಡೆಯ ದವಡೆಯಲ್ಲಿ ಅದಾಗಲೇ ಎರಡು ಹಲ್ಲು ಇರಲಿಲ್ಲ. ನೋವು ತಾಳಲಾರೆ, ಮೂರನೆಯದನ್ನೂ ಕಿತ್ತುಬಿಡಿ ಎಂದು ಅಂಗಲಾಚಿದರು. ಹಲ್ಲಿನಲ್ಲಿ ಸಣ್ಣ ಹುಳುಕಿತ್ತು. ನಾನು ಕಿತ್ತೆ.

ಎಂಟು ದಿನಕ್ಕೆ ಅವರು ಮತ್ತೆ ಬಂದರು. ನೋವು ಇದ್ದಲ್ಲಿಯೇ ಇತ್ತು. ಆಗಲೇ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದ್ದು. ನೋವು ಮಿಂಚು ಹೊಡೆದಂತೆ ಬರುತ್ತದೆಯೇ? ಹೌದು. ಎಷ್ಟು ಹೊತ್ತು? ಹತ್ತು ಎಣಿಸುವಷ್ಟು. ಮುಖ ತೊಳೆದರೆ, ಗಾಳಿ ಬೀಸಿದರೆ, ರೊಟ್ಟಿ ಅಗಿದರೆ ಬರುತ್ತದೆಯೇ? ಹೌದು, ಹೌದು. ಮೂಗಿನಲ್ಲಿ ನತ್ತು ಏಕಿಲ್ಲ ಎಂದು ಕೇಳಿದೆ. ನತ್ತು ಗೆನ್ನೆಗೆ ತಾಗಿದರೆ ಸಾಕು ಜೀವ ಹೋದಂತಾಗುತ್ತದೆ, ಅದಕ್ಕೇ ತೆಗೆದಿಟ್ಟಿದ್ದೇನೆ ಎಂದರು. ಅದು ಹಲ್ಲಿನ ನೋವಲ್ಲ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ಎಂಬ ನರದ ನೋವು, ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಇದನ್ನು ಹಲ್ಲುನೋವೆಂದು ತಿಳಿದು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡವರು ಜಗತ್ತಿನ ಎಲ್ಲ ಊರುಗಳಲ್ಲೂ ಇದ್ದಾರೆ. ನನ್ನ ಕೈಯಿಂದಲೂ ಒಂದು ಹೋಯಿತು.

ಆಯಿಯನ್ನು ನರರೋಗ ತಜ್ಞರ ಬಳಿ ಕಳಿಸಿದ ಮೇಲೆ ನಾನು ಈ ನೋವಿನ ಬಗ್ಗೆ ಓದತೊಡಗಿದೆ. ಓದುತ್ತಾ ಹೋದಂತೆ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು. ವಾಲ್ಟರ್ ಡ್ಯಾಂಡಿ. ನರಶಸ್ತ್ರಚಿಕಿತ್ಸೆ ಓದಿದವರಿಗೆಲ್ಲ ಗೊತ್ತಿರುವ ಹೆಸರು. ನಮ್ಮಂಥ ಹಲ್ಲಿನ ಡಾಕ್ಟರುಗಳಿಗೆ ಅಷ್ಟಾಗಿ ಗೊತ್ತಿಲ್ಲ.

ಡ್ಯಾಂಡಿ ಹುಟ್ಟಿದ್ದು 1886ರ ಏಪ್ರಿಲ್ 6ರಂದು, ಅಮೆರಿಕದ ಮಿಸೌರಿ ರಾಜ್ಯದ ಸೆಡೇಲಿಯಾ ಎಂಬ ರೈಲ್ವೆ ಊರಿನಲ್ಲಿ. ಅವರದೂ ವಲಸೆ ಬಂದವರ ಮನೆ. ತಂದೆ ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯವರು, ತಾಯಿ ಐರ್ಲೆಂಡಿನ ಅರ್ಮಾದವರು. ತಂದೆಗೆ ರೈಲ್ವೆಯಲ್ಲಿ ಕೆಲಸ. ಒಬ್ಬನೇ ಮಗ. ಹೈಸ್ಕೂಲಿನಲ್ಲಿ ಮೊದಲಿಗನಾಗಿ ಪಾಸಾದ ಹುಡುಗ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಓದಿ, 1907ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜಿಗೆ ನೇರವಾಗಿ ಎರಡನೆಯ ವರ್ಷಕ್ಕೇ ಸೇರಿದ. 1910ರಲ್ಲಿ, 24ನೆಯ ವಯಸ್ಸಿಗೆ ಡಾಕ್ಟರಾದ. ಆಮೇಲೆ ಜೀವನವೆಲ್ಲ ಕಳೆದದ್ದು ಅದೇ ಬಾಲ್ಟಿಮೋರಿನಲ್ಲಿ, ಅದೇ ಆಸ್ಪತ್ರೆಯಲ್ಲಿ.

ಆಗ ಹಾಪ್ಕಿನ್ಸ್‌ನಲ್ಲಿದ್ದ ದೊಡ್ಡ ಹೆಸರು ಹಾರ್ವೆ ಕುಶಿಂಗ್. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಒಂದು ವಿದ್ಯೆಯಾಗಿ ಕಟ್ಟಿದವರು. ಅವರಿಗೆ ಚಿಕ್ಕ ವಯಸ್ಸಿನಲ್ಲಿ ಹೆಸರು ತಂದುಕೊಟ್ಟ ಕೆಲಸಗಳಲ್ಲಿ ಒಂದು ಇದೇ ಮುಖದ ನೋವಿನ ಆಪರೇಷನ್ ಎಂಬುದನ್ನು ಇಲ್ಲಿ ನೆನಪಿಡಬೇಕು. ಡಾಕ್ಟರಾದ ಹೊಸದರಲ್ಲಿ ಡ್ಯಾಂಡಿ ಒಂದು ವರ್ಷ ಕುಶಿಂಗ್ ಕೈಕೆಳಗೆ ಪ್ರಾಣಿಗಳ ಪ್ರಯೋಗಾಲಯದಲ್ಲಿ ದುಡಿದರು. ಇಬ್ಬರೂ ಹಟವಾದಿಗಳು, ಇಬ್ಬರಿಗೂ ಮೂಗಿನ ತುದಿಯಲ್ಲಿ ಕೋಪ. ಹೊಂದಾಣಿಕೆ ಆಗಲಿಲ್ಲ. 1912ರಲ್ಲಿ ಕುಶಿಂಗ್ ಬಾಸ್ಟನ್ನಿನ ಹೊಸ ಆಸ್ಪತ್ರೆಗೆ ಹೊರಟಾಗ ಡ್ಯಾಂಡಿಯನ್ನು ಜೊತೆಗೆ ಕರೆದೊಯ್ಯಲಿಲ್ಲ. ಗುರು ಬಿಟ್ಟುಹೋದ ಶಿಷ್ಯ ಬಾಲ್ಟಿಮೋರಿನಲ್ಲೇ ಉಳಿದು ವಿಲಿಯಂ ಹಾಲ್ಸ್ಟೆಡ್ ಬಳಿ ಶಸ್ತ್ರಚಿಕಿತ್ಸೆ ಕಲಿಯುವುದನ್ನು ಮುಂದುವರಿಸಿದರು.

ಮೊದಲ ದೊಡ್ಡ ಕೆಲಸ ಮಕ್ಕಳದ್ದು. ಕೆಲವು ಕೂಸುಗಳ ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾಗುತ್ತದೆ. ಈ ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಡ್ಯಾಂಡಿ ಮಕ್ಕಳ ವೈದ್ಯ ಕೆನೆತ್ ಬ್ಲ್ಯಾಕ್‌ಫ್ಯಾನ್ ಜೊತೆ ಸೇರಿ 1913 ಮತ್ತು 1914ರಲ್ಲಿ ತೋರಿಸಿಕೊಟ್ಟರು. ಆಗ ಅವರಿಗೆ 30 ಕೂಡ ತುಂಬಿರಲಿಲ್ಲ.

ಎರಡನೆಯದು ಗಾಳಿಯ ಕೆಲಸ. ಆಗ ಎಕ್ಸ್-ರೇ ಬಂದಿತ್ತು, ಆದರೆ ತಲೆಯ ಎಕ್ಸ್-ರೇ ತೆಗೆದರೆ ಬುರುಡೆ ಕಾಣುತ್ತಿತ್ತೇ ಹೊರತು ಮಿದುಳು ಕಾಣುತ್ತಿರಲಿಲ್ಲ. ಹೊಟ್ಟೆಯ ಎಕ್ಸ್-ರೇಯಲ್ಲಿ ಗಾಳಿ ಇರುವಲ್ಲಿ ಕಪ್ಪಗೆ ಕಾಣುತ್ತದೆ. ಹಾಗಾದರೆ ಮಿದುಳಿನೊಳಗಿನ ನೀರಿನ ಕೋಣೆಗಳಿಂದ ನೀರು ತೆಗೆದು ಗಾಳಿ ತುಂಬಿದರೆ ಆ ಕೋಣೆಗಳ ಆಕಾರ ಕಾಣಬೇಕಲ್ಲವೇ? ಕೋಣೆ ಒಂದು ಕಡೆ ಸರಿದಿದ್ದರೆ, ಇನ್ನೊಂದು ಕಡೆ ಗಡ್ಡೆ ಇದೆ ಎಂದೇ ಅರ್ಥ. 1918ರಲ್ಲಿ ಡ್ಯಾಂಡಿ ಇದನ್ನು ಮಾಡಿ ತೋರಿಸಿದರು. ರೋಗಿಗೆ ಅಪಾಯವಿತ್ತು, ವಿಪರೀತ ತಲೆನೋವು ಬರುತ್ತಿತ್ತು. ಆದರೂ ಸಿ.ಟಿ. ಸ್ಕ್ಯಾನ್ ಬರುವ ತನಕ, ಅಂದರೆ ಸುಮಾರು ಅರ್ಧ ಶತಮಾನ, ಜಗತ್ತಿನ ಆಸ್ಪತ್ರೆಗಳು ಈ ಗಾಳಿಯ ಪರೀಕ್ಷೆಯನ್ನು ಬಳಸಿದವು.

1922ರಲ್ಲಿ ಗುರು ಶಿಷ್ಯರ ಮನಸ್ತಾಪ ಬಯಲಿಗೆ ಬಂತು. ಕಿವಿಯ ನರದ ಮೇಲೆ ಬೆಳೆಯುವ ಗಡ್ಡೆಯನ್ನು ಪೂರ್ತಿ ತೆಗೆದರೆ ರೋಗಿ ಉಳಿಯುವುದಿಲ್ಲ, ಒಳಗಿನ ತಿರುಳನ್ನಷ್ಟೇ ಕೆರೆದು ಬಿಡಬೇಕು ಎನ್ನುವುದು ಕುಶಿಂಗ್ ಪದ್ಧತಿ. ಡ್ಯಾಂಡಿ ಗಡ್ಡೆಯನ್ನು ಪೂರ್ತಿ ತೆಗೆಯುವ ವಿಧಾನದ ಬಗ್ಗೆ ಒಂದು ಪುಟ್ಟ ವರದಿ ಪ್ರಕಟಿಸಿದರು. ಅದರಲ್ಲಿ ತಮ್ಮ ಕೆಲಸಕ್ಕೆ ತಕ್ಕ ಮನ್ನಣೆ ಕೊಟ್ಟಿಲ್ಲ ಎಂದು ಕುಶಿಂಗ್ ಸಿಟ್ಟಿನಿಂದ ಕಾಗದ ಬರೆದರು. ಡ್ಯಾಂಡಿಯೂ ಅಷ್ಟೇ ಖಾರವಾಗಿ ಉತ್ತರ ಕೊಟ್ಟರು. ಇಬ್ಬರ ನಡುವಿನ ಈ ಮುನಿಸು ಕೊನೆಯ ತನಕ ಆರಲಿಲ್ಲ.

ಈ ಜಗಳಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಡ್ಯಾಂಡಿ ಆ ಗಡ್ಡೆಗೆ ತಲುಪುತ್ತಿದ್ದ ದಾರಿ. ಕಿವಿಯ ಹಿಂದೆ ಬುರುಡೆಯಲ್ಲಿ ಕಿಂಡಿ ಮಾಡಿ, ಕಿರುಮೆದುಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಹೋಗುವ ದಾರಿ ಅದು. ಅಲ್ಲಿ ಕಿವಿಯ ನರದ ಸ್ವಲ್ಪ ಮೇಲೆ, ಮಿದುಳಿನ ಕಾಂಡದಿಂದ ಹೊರಡುವ ಟ್ರೈಜೆಮಿನಲ್ ನರವೂ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಆ ನರದ ನಕ್ಷೆಯನ್ನು ಸ್ವಲ್ಪ ಹೇಳಬೇಕು. ಮುಖದ ಎರಡೂ ಬದಿಗೆ ಒಂದೊಂದು ಟ್ರೈಜೆಮಿನಲ್ ನರ. ಅದಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಮೂರೂ ಬಂದು ಬುರುಡೆಯ ತಳದಲ್ಲಿ, ಕಿವಿಯ ಮುಂದಿನ ಆಳದಲ್ಲಿ ಒಂದು ಗಂಟಿನಲ್ಲಿ ಸೇರುತ್ತವೆ. ಗಂಟಿನ ಹಿಂದಿನಿಂದ ಬೇರು ಹೊರಟು ಮಿದುಳಿನ ಕಾಂಡಕ್ಕೆ ಹೋಗುತ್ತದೆ. ನಾವು ಹಲ್ಲು ಕೀಳುವಾಗ ಮರಗಟ್ಟಿಸುವುದು ಈ ನರದ ತುದಿಯ ಕವಲುಗಳನ್ನೇ.

ಡ್ಯಾಂಡಿಗಿಂತ ಮೊದಲಿನವರು ಈ ನೋವಿಗೆ ಏನೇನು ಮಾಡಿರಲಿಲ್ಲ! ಮುಖದಲ್ಲಿ ನರದ ಕವಲನ್ನು ಕತ್ತರಿಸಿದರು, ಅದು ಮತ್ತೆ ಬೆಳೆಯಿತು, ನೋವೂ ಮರಳಿತು. ಆಲ್ಕೋಹಾಲ್ ಚುಚ್ಚಿದರು, ಕೆಲವು ತಿಂಗಳ ಆರಾಮ ಸಿಕ್ಕಿತು. 1890ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಟ್ಲಿ, ಜರ್ಮನಿಯ ಕ್ರೌಸೆ ಮುಂತಾದವರು ಕಪೋಲದ ಕಡೆಯಿಂದ ಬುರುಡೆ ತೆರೆದು ಗಂಟನ್ನೇ ಕಿತ್ತುಹಾಕುವ ಧೈರ್ಯ ಮಾಡಿದರು. ಕುಶಿಂಗ್ ಅದನ್ನು ಸುರಕ್ಷಿತಗೊಳಿಸಿದರು. 1901ರಲ್ಲಿ ಫಿಲಡೆಲ್ಫಿಯಾದ ಸ್ಪಿಲ್ಲರ್ ಕೊಟ್ಟ ಸಲಹೆಯಂತೆ ಫ್ರೇಜಿಯರ್ ಗಂಟನ್ನು ಬಿಟ್ಟು ಅದರ ಹಿಂದಿನ ಬೇರನ್ನು ಕತ್ತರಿಸಿದರು. ನೋವು ಹೋಗುತ್ತಿತ್ತು, ನಿಜ. ಆದರೆ ಅರ್ಧ ಮುಖ ಮರದ ಹಲಗೆಯಾಗುತ್ತಿತ್ತು. ಕಣ್ಣಿಗೆ ಸ್ಪರ್ಶವಿಲ್ಲದೆ ಧೂಳು ಬಿದ್ದರೂ ಗೊತ್ತಾಗದೆ ಹುಣ್ಣಾಗಿ ಕೆಲವರ ದೃಷ್ಟಿ ಹೋಗುತ್ತಿತ್ತು. ಇನ್ನು ಕೆಲವರಿಗೆ ಮರಗಟ್ಟಿದ ಜಾಗದಲ್ಲೇ ಬಿಡದೆ ಉರಿಯುವ ಇನ್ನೊಂದು ಬಗೆಯ ನೋವು ಹುಟ್ಟುತ್ತಿತ್ತು. ಅದಕ್ಕೆ ಮದ್ದೇ ಇರಲಿಲ್ಲ.

1925ರಲ್ಲಿ ಡ್ಯಾಂಡಿ ತಮ್ಮ ಹೊಸ ದಾರಿಯನ್ನು ಪ್ರಕಟಿಸಿದರು. ಕಿವಿಯ ಹಿಂದಿನಿಂದ ಹೋಗಿ, ಬೇರು ಮಿದುಳಿನ ಕಾಂಡಕ್ಕೆ ಸೇರುವ ಜಾಗದಲ್ಲೇ ಅದನ್ನು ಕತ್ತರಿಸುವುದು. ಆಮೇಲೆ ಅವರಿಗೆ ಇನ್ನೊಂದು ವಿಷಯ ಕಂಡಿತು. ಅಷ್ಟು ಹಿಂದೆ ಕತ್ತರಿಸುವಾಗ ಬೇರನ್ನು ಪೂರ್ತಿ ಕತ್ತರಿಸಬೇಕಾಗಿಯೇ ಇಲ್ಲ. ಒಂದು ಭಾಗವನ್ನಷ್ಟೇ ಕತ್ತರಿಸಿದರೂ ನೋವು ನಿಲ್ಲುತ್ತದೆ, ಮುಖದ ಸ್ಪರ್ಶ ಬಹುಮಟ್ಟಿಗೆ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. 1929ರಲ್ಲಿ ಇದನ್ನೂ ಬರೆದರು.

ಉಳಿದ ಶಸ್ತ್ರಚಿಕಿತ್ಸಕರು ಒಪ್ಪಲಿಲ್ಲ. ಅವರ ವಾದದಲ್ಲೂ ಹುರುಳಿತ್ತು. ಫ್ರೇಜಿಯರ್ ಪದ್ಧತಿ ಎಲ್ಲರ ಕೈಗೂ ಹತ್ತಿದ್ದ, ಸಾವು ಕಡಿಮೆ ಇದ್ದ ಆಪರೇಷನ್. ಕಿರುಮೆದುಳಿನ ಪಕ್ಕದ ಆಳದಲ್ಲಿ ರಕ್ತ ಒಸರಿದರೆ ರೋಗಿ ಮೇಜಿನ ಮೇಲೇ ಉಳಿಯುವುದಿಲ್ಲ. ಆಗ ಆಪರೇಷನ್ ಮೈಕ್ರೋಸ್ಕೋಪ್ ಇರಲಿಲ್ಲ, ಪೆನಿಸಿಲಿನ್ ಇರಲಿಲ್ಲ. ಅಪಾರ ವೇಗ ಮತ್ತು ಕೈಚಳಕದ ಡ್ಯಾಂಡಿಗೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯವಿರಲಿಲ್ಲ. ಜೀವ ತೆಗೆಯದ ರೋಗಕ್ಕೆ ಜೀವ ತೆಗೆಯಬಹುದಾದ ಚಿಕಿತ್ಸೆ ಯಾಕೆ ಎನ್ನುವ ಪ್ರಶ್ನೆ ಈಗಲೂ ಪ್ರತಿಯೊಂದು ಮನೆಯಲ್ಲೂ ಏಳುತ್ತದೆ.

ಆದರೆ ಆ ದಾರಿಯಲ್ಲಿ ಹೋಗುತ್ತಿದ್ದುದರಿಂದಲೇ ಬೇರೆ ಯಾರೂ ನೋಡದ್ದನ್ನು ಡ್ಯಾಂಡಿ ನೋಡಿದರು. ಕಪೋಲದ ಕಡೆಯಿಂದ ಹೋದವರಿಗೆ ಗಂಟಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಇವರಿಗೆ ಬೇರಿನ ಬುಡವೇ ಕಾಣುತ್ತಿತ್ತು. ಒಬ್ಬರಾದ ಮೇಲೆ ಒಬ್ಬರಲ್ಲಿ, ಒಂದು ರಕ್ತನಾಳ ನರದ ಮೇಲೆ ಒರಗಿಕೊಂಡಿರುವುದು, ಕೆಲವು ಕಡೆ ನರವನ್ನು ಬಾಗಿಸಿರುವುದು ಕಂಡಿತು. ಅವರು ಎಣಿಸಿಟ್ಟರು. 1934ರಲ್ಲಿ ಪ್ರಕಟವಾದ ಲೇಖನದಲ್ಲಿ 215 ರೋಗಿಗಳ ಲೆಕ್ಕವಿದೆ. 66 ಮಂದಿಯಲ್ಲಿ ಅಪಧಮನಿ, 30 ಮಂದಿಯಲ್ಲಿ ಅಭಿಧಮನಿ ನರಕ್ಕೆ ತಾಗಿತ್ತು. ಕೆಲವರಲ್ಲಿ ಗಡ್ಡೆ ಇತ್ತು. ಉಳಿದ ಅನೇಕರಲ್ಲಿ ಏನೂ ಕಾಣಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ಮಿಡಿಯುವ ರಕ್ತನಾಳ ನರವನ್ನು ವರ್ಷಗಟ್ಟಲೆ ಒತ್ತುವುದೇ ಈ ನೋವಿಗೆ ಕಾರಣವಿರಬೇಕು ಎಂಬುದು ಅವರ ತೀರ್ಮಾನ.

ಇಲ್ಲಿ ಓದುವವರಿಗೆ ಒಂದು ವಿಚಿತ್ರ ಅನಿಸುತ್ತದೆ. ಕಾರಣ ಕಂಡ ಮೇಲೂ ಡ್ಯಾಂಡಿಯ ಆಪರೇಷನ್ ನರವನ್ನು ಕತ್ತರಿಸುವುದಾಗಿಯೇ ಉಳಿಯಿತು. ರಕ್ತನಾಳವನ್ನು ಸರಿಸಿ ನರವನ್ನು ಹಾಗೆಯೇ ಬಿಡುವುದು ಅವರ ಚಿಕಿತ್ಸೆಯಾಗಲಿಲ್ಲ. ಬರಿಗಣ್ಣಿನಲ್ಲಿ, ಅಷ್ಟು ಇಕ್ಕಟ್ಟಿನಲ್ಲಿ, ಕೂದಲೆಳೆಯಂಥ ಕವಲುಗಳಿರುವ ಅಪಧಮನಿಯನ್ನು ಬಿಡಿಸುವುದು ಆ ಕಾಲಕ್ಕೆ ಹುಡುಗಾಟದ ಮಾತಲ್ಲ.

ಡ್ಯಾಂಡಿಯ ಉಳಿದ ಬದುಕನ್ನು ಬೇಗ ಹೇಳಿಬಿಡುತ್ತೇನೆ. 1924ರಲ್ಲಿ ಸೇಡಿ ಮಾರ್ಟಿನ್ ಅವರನ್ನು ಮದುವೆಯಾದರು, ನಾಲ್ವರು ಮಕ್ಕಳಾದರು. ಆಪರೇಷನ್ ಕೋಣೆಯಲ್ಲಿ ಕಿರಿಯರ ಮೇಲೆ ಸಿಡಿಮಿಡಿ, ಮನೆಯಲ್ಲಿ ಮಕ್ಕಳೊಂದಿಗೆ ಮಗು. ಶಿಕ್ಷಕರು, ಪಾದ್ರಿಗಳು, ಸಹ ವೈದ್ಯರು ಮತ್ತು ಬಡವರಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಮಿದುಳಿನ ಆಪರೇಷನ್ ಆದವರನ್ನು ಸಾಮಾನ್ಯ ವಾರ್ಡಿಗೆ ಹಾಕಬಾರದೆಂದು 1920ರ ದಶಕದಲ್ಲಿ ಮೂರು ಹಾಸಿಗೆಯ ಪ್ರತ್ಯೇಕ ಕೋಣೆ ಮಾಡಿಸಿದರು. ಇಂದಿನ ಐ.ಸಿ.ಯು.ಗಳ ಹಿರಿಯಜ್ಜ ಎಂದು ಅದನ್ನು ಹೇಳುವುದುಂಟು. 1937ರ ಮಾರ್ಚಿನಲ್ಲಿ ಮಿದುಳಿನ ರಕ್ತನಾಳದ ಗುಳ್ಳೆಯೊಂದರ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ ಹಾಕಿ ರೋಗಿಯನ್ನು ಉಳಿಸಿದರು. ಅಂಥ ಗುಳ್ಳೆಗೆ ಕ್ಲಿಪ್ ಹಾಕುವ ಶಸ್ತ್ರಚಿಕಿತ್ಸೆಗೆ ಅದೇ ನಾಂದಿ. ಅದೇ ವರ್ಷ ಜುಲೈನಲ್ಲಿ ಸಂಗೀತಗಾರ ಜಾರ್ಜ್ ಗರ್ಶ್ವಿನ್ ಲಾಸ್ ಏಂಜಲೀಸಿನಲ್ಲಿ ಪ್ರಜ್ಞೆ ತಪ್ಪಿದಾಗ, ದೋಣಿಯಲ್ಲಿ ವಿಹಾರಕ್ಕೆ ಹೋಗಿದ್ದ ಡ್ಯಾಂಡಿಯನ್ನು ಹುಡುಕಿ ತಂದು ವಿಮಾನ ಹತ್ತಿಸಲು ಓಡಾಡಿದರು. ಅವರು ತಲುಪುವ ಮೊದಲೇ ಅಲ್ಲಿ ಆಪರೇಷನ್ ನಡೆಯಿತು, ಗರ್ಶ್ವಿನ್ ಉಳಿಯಲಿಲ್ಲ. 1941ರಲ್ಲಿ ಬೇಸ್‌ಬಾಲ್ ಆಟಗಾರರ ತಲೆಗೆ ಚೆಂಡು ಬಡಿದು ಅಪಾಯವಾಗದಂತೆ ಟೋಪಿಯೊಳಗೆ ಸೇರಿಸುವ ರಕ್ಷಣಾ ಪಟ್ಟಿ ತಯಾರಿಸುವುದರಲ್ಲೂ ಅವರ ಪಾಲಿದೆ.

1946ರ ಏಪ್ರಿಲ್ 19ರಂದು, 60 ತುಂಬಿ ಎರಡು ವಾರವೂ ಆಗದ ಹೊತ್ತಿನಲ್ಲಿ, ಹೃದಯಾಘಾತದಿಂದ ಡ್ಯಾಂಡಿ ತೀರಿಕೊಂಡರು. ಮುಖದ ನೋವಿಗೆ ಅವರು ಕಂಡ ಕಾರಣ ಗ್ರಂಥಾಲಯದಲ್ಲಿ ಕೂತಿತು. ನಮ್ಮ ದೇಶದಲ್ಲಿ ಡಾ. ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಆರಂಭಿಸಿದ್ದು 1949ರಲ್ಲಿ. ಅಂದರೆ ಡ್ಯಾಂಡಿಯ ಕಾಲದಲ್ಲಿ ನಮ್ಮ ಹಳ್ಳಿಯ ಆಯಿಗಳಿಗೆ ಈ ನೋವು ಬಂದಿದ್ದರೆ ಹಲ್ಲು ಕೀಳಿಸಿಕೊಳ್ಳುವುದು, ದೇವರಿಗೆ ಹರಕೆ ಹೊರುವುದು, ಇಷ್ಟೇ ಇದ್ದದ್ದು.

1959ರಲ್ಲಿ ಗಾರ್ಡ್ನರ್ ಮತ್ತು ಮಿಕ್ಲೋಸ್ ರಕ್ತನಾಳವನ್ನು ನರದಿಂದ ಬೇರ್ಪಡಿಸಿ ನೋಡಿದರು. 1966ರಲ್ಲಿ ಲಾಸ್ ಏಂಜಲೀಸಿನಲ್ಲಿ ತರಬೇತಿಯಲ್ಲಿದ್ದ ಪೀಟರ್ ಜನೆಟ್ಟಾ ಎಂಬ ಯುವಕ ಮೈಕ್ರೋಸ್ಕೋಪಿನ ಕೆಳಗೆ ಈ ನರವನ್ನು ಬಿಡಿಸಿ ನೋಡುತ್ತಿದ್ದರು. ಯಾರಿಗಾಗಿ ಗೊತ್ತೇ? ದಂತವೈದ್ಯ ವಿದ್ಯಾರ್ಥಿಗಳಿಗೆ ತೋರಿಸಲು. ಇದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಜನೆಟ್ಟಾ ಮುಂದೆ ಡ್ಯಾಂಡಿಯ ದಾರಿಯಲ್ಲೇ, ಅಂದರೆ ಕಿವಿಯ ಹಿಂದಿನಿಂದಲೇ ಹೋಗಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ರಕ್ತನಾಳವನ್ನು ನರದಿಂದ ಎತ್ತಿ ನಡುವೆ ಮೆತ್ತೆಯಿಡುವ ಆಪರೇಷನ್ ಬೆಳೆಸಿದರು. ಇಂದು ಆ ಮೆತ್ತೆ ಸಾಮಾನ್ಯವಾಗಿ ಟೆಫ್ಲಾನಿನದು. ನರವನ್ನು ಕತ್ತರಿಸುವಂತಿಲ್ಲ. 1996ರಲ್ಲಿ ಅವರ ತಂಡ ಪ್ರಕಟಿಸಿದ, ಸಾವಿರಕ್ಕೂ ಹೆಚ್ಚು ರೋಗಿಗಳ ವರದಿಯಲ್ಲಿ ಹತ್ತು ವರ್ಷದ ನಂತರವೂ ಶೇ 70ರಷ್ಟು ಮಂದಿ ಮಾತ್ರೆಯಿಲ್ಲದೆ ನೋವಿನಿಂದ ದೂರವಿದ್ದರು.

ನಮ್ಮ ಆಯಿಯ ವಿಷಯಕ್ಕೆ ಬರುತ್ತೇನೆ. ಎಂ.ಆರ್.ಐ.ಯಲ್ಲಿ ಬಲಗಡೆ ನರಕ್ಕೆ ರಕ್ತನಾಳ ತಾಗಿರುವುದು ಕಂಡಿತು. ಮೊದಲು ಎಲ್ಲರಿಗೂ ಕೊಡುವಂತೆ ಕಾರ್ಬಮಾಜೆಪಿನ್ ಮಾತ್ರೆ ಕೊಟ್ಟರು. ಮೂರೇ ದಿನಕ್ಕೆ ನೋವು ಇಳಿಯಿತು. ಎರಡು ವರ್ಷ ಚೆನ್ನಾಗಿ ನಡೆಯಿತು. ಬಳಿಕ ಡೋಸು ಏರಿಸಬೇಕಾಯಿತು, ತಲೆಸುತ್ತು ಬಂತು, ರಕ್ತದಲ್ಲಿ ಸೋಡಿಯಂ ಇಳಿಯಿತು, ಒಮ್ಮೆ ಬಚ್ಚಲಲ್ಲಿ ಬಿದ್ದರು. ಆಗ ಡಾಕ್ಟರು ಮೂರು ದಾರಿ ಹೇಳಿದರು. ಒಂದು, ಕಿವಿಯ ಹಿಂದಿನ ದೊಡ್ಡ ಆಪರೇಷನ್: ಹೆಚ್ಚು ಕಾಲ ಬಾಳುತ್ತದೆ, ಮುಖ ಮರಗಟ್ಟುವುದು ಅಪರೂಪ, ಆದರೆ ಪೂರ್ತಿ ಅರಿವಳಿಕೆ ಬೇಕು, ಆ ಕಿವಿ ಕೇಳದಂತಾಗುವ, ವಿರಳವಾಗಿ ಪ್ರಾಣಕ್ಕೇ ಬರುವ ಅಪಾಯವಿದೆ. ಎರಡು, ಕೆನ್ನೆಯಿಂದ ಸೂಜಿ ಹಾಕಿ ಬುರುಡೆಯ ತಳದ ರಂಧ್ರದ ಮೂಲಕ ಆ ಗಂಟನ್ನು ತಲುಪಿ, ಶಾಖದಿಂದಲೋ ಗ್ಲಿಸರಾಲಿನಿಂದಲೋ ಪುಟ್ಟ ಬಲೂನು ಉಬ್ಬಿಸಿಯೋ ನರವನ್ನು ಸ್ವಲ್ಪ ಕುಗ್ಗಿಸುವುದು: ವಯಸ್ಸಾದವರಿಗೆ ಹಗುರ, ಫಲ ಬೇಗ, ಆದರೆ ಕೆನ್ನೆ ಜೋಮು ಹಿಡಿಯುತ್ತದೆ, ಕೆಲವು ವರ್ಷಕ್ಕೆ ನೋವು ಮರಳಬಹುದು. ಮೂರು, ಗಾಮಾ ನೈಫ್: ಕತ್ತರಿಸುವುದೇನೂ ಇಲ್ಲ, ವಿಕಿರಣವನ್ನು ನರದ ಬೇರಿಗೆ ಗುರಿಯಿಡುತ್ತಾರೆ, ಫಲಕ್ಕೆ ವಾರಗಳೋ ತಿಂಗಳುಗಳೋ ಕಾಯಬೇಕು.

ಮಗ ಆ ಕಾಗದ ಹಿಡಿದು ನನ್ನ ಬಳಿ ಬಂದ. ನೀವೇ ಹೇಳಿಬಿಡಿ ಬಾಯಾರ ಎಂದ. ನಾನು ಹಲ್ಲಿನ ಡಾಕ್ಟರು, ನಾನು ಹೇಳುವಂಥದ್ದಲ್ಲ. ಆದರೆ ಕೂತು ಆಯಿಗೆ ಮೂರೂ ದಾರಿಗಳನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದೆ. ಆಸ್ಪತ್ರೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಅರ್ಧಂಬರ್ಧ ತಿಳಿದಿತ್ತು. ನರ ಕತ್ತರಿಸಿದರೆ ಬಾಯಿ ಸೊಟ್ಟಗಾಗುತ್ತದೆ ಎಂದು ಯಾರೋ ಹೆದರಿಸಿದ್ದರು. ಮುಖವನ್ನು ಆಡಿಸುವ ನರವೇ ಬೇರೆ, ಇದು ಸ್ಪರ್ಶದ ನರ ಎಂದು ಹೇಳಿದ ಮೇಲೆ ಸ್ವಲ್ಪ ಹಗುರಾದರು. ವಯಸ್ಸು 74, ಬಿ.ಪಿ. ಇದೆ, ತಲೆ ತೆರೆಸುವುದು ಬೇಡ, ಜೋಮಾದರೆ ಆಗಲಿ ಎಂದು ಅವರೇ ತೀರ್ಮಾನ ಮಾಡಿದರು. ಬಲೂನಿನ ಚಿಕಿತ್ಸೆಯಾಯಿತು.

ಈಗ ಒಂದೂವರೆ ವರ್ಷ. ಕೆನ್ನೆಯ ಒಂದು ಭಾಗ ಇನ್ನೂ ಜೋಮು. ಮೊದಲ ಎರಡು ತಿಂಗಳು ಆ ಕಡೆ ಅಗಿಯಲು ಬಲ ಸಾಲದೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು. ಮಿಂಚು ಮತ್ತೆ ಹೊಡೆದಿಲ್ಲ. ಮರಳಿ ಬರಬಹುದು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಕಳೆದ ತಿಂಗಳು ಇಂಡಿಗೆ ಹೋಗಿ ಬಂದವರು ನನಗೆ ಶೇಂಗಾ ಹಿಂಡಿ ತಂದುಕೊಟ್ಟರು. ಮೂಗಿನಲ್ಲಿ ನತ್ತು ಇತ್ತು.

ಈಗ ನನ್ನ ದವಾಖಾನೆಗೆ ದವಡೆ ನೋವೆಂದು ಬಂದವರಿಗೆ ಇಕ್ಕಳ ಕೈಗೆತ್ತಿಕೊಳ್ಳುವ ಮುಂಚೆ ಕೆಲವು ಪ್ರಶ್ನೆ ಕೇಳುತ್ತೇನೆ. ನೋವು ಸಿಡಿಲಿನಂತೆ ಬಂದು ಕ್ಷಣಗಳಲ್ಲಿ ಹೋಗುತ್ತದೆಯೇ, ಮುಟ್ಟಿದರೆ, ಗಾಳಿಗೆ, ಹಲ್ಲುಜ್ಜಿದರೆ ಬರುತ್ತದೆಯೇ, ಒಂದೇ ಬದಿಗೆ ಇದೆಯೇ? ಹೌದೆಂದರೆ ಹಲ್ಲು ಮುಟ್ಟುವುದಿಲ್ಲ, ನರರೋಗ ತಜ್ಞರಿಗೆ ಚೀಟಿ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ, ಪಕ್ಕದ ಫ್ಲ್ಯಾಟಿನಲ್ಲಿ, ಊರಲ್ಲಿರುವ ಅಜ್ಜ ಅಜ್ಜಿಯರಲ್ಲಿ ಯಾರಿಗಾದರೂ ಹೀಗಿದ್ದರೆ ನೀವೂ ಇಷ್ಟು ಕೇಳಿ. ಎರಡು ಹಲ್ಲು ಕಿತ್ತರೂ ಹೋಗದ ನೋವು ಮೂರನೆಯದಕ್ಕೂ ಹೋಗುವುದಿಲ್ಲ.

(ಲೇಖಕಿ ಬಾಗಲಕೋಟೆಯವರು, ಪುಣೆಯಲ್ಲಿ ದಂತವೈದ್ಯೆ)